ಫ್ಯಾನ್ ಆರಿಸಿ ಕೇಳಿದ ಹಾಡು

ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಕಿಟಕಿ ಬಾಗಿಲು ಮುಚ್ಚಿ, ಕೂಲರ್ ನಿಲ್ಲಿಸಿ, ಫ್ಯಾನ್ ಆರಿಸಿ ಕುಳಿತು ಹಾಡು ಕೇಳಿದ ಮನುಷ್ಯ ನಾನು. ತಲೆ ಕೆಟ್ಟವರು ಮಾಡುವ ಕೆಲಸ ಇದು ಎಂದು ಈಗ ಹೇಳುತ್ತೇನೆ. ಆಗ ಬೇರೆ ಯಾರಾದರೂ ಹಾಗೆ ಹೇಳಿದ್ದರೆ ಅವರಿಗೆ ಸಂಗೀತದ ಗಂಧಗಾಳಿ ಇಲ್ಲವೆಂದು ಮುಖ ತಿರುಗಿಸಿ ಹೋಗುತ್ತಿದ್ದೆ.

ಫ್ಯಾನಿನ ಸದ್ದಿನಲ್ಲಿ ತಂಬೂರಿಯ ಕೊನೆಯ ಝೇಂಕಾರ ಕೇಳಿಸುವುದಿಲ್ಲ ಎಂಬುದು ನನ್ನ ವಾದವಾಗಿತ್ತು. ಆ ಝೇಂಕಾರ ಕೇಳದಿದ್ದರೆ ಯಾರ ಗಂಟೇನು ಹೋಗುತ್ತಿತ್ತೋ ಗೊತ್ತಿಲ್ಲ. ಹೆಂಡತಿ ಮೊದಮೊದಲು ಜಗಳವಾಡಿದಳು, ಆಮೇಲೆ ಒಂದು ಚಾಪೆ ತೆಗೆದುಕೊಂಡು ಪಕ್ಕದ ಮನೆಯವರ ಪಡಸಾಲೆಗೆ ಹೋಗಿ ಮಲಗುವುದನ್ನು ರೂಢಿ ಮಾಡಿಕೊಂಡಳು. ಮಗಳು ಪುಸ್ತಕದ ಚೀಲ ಹೊತ್ತು ಅವಳ ಹಿಂದೆಯೇ ಹೊರಟಳು. ನನ್ನ ಮನೆಯವರನ್ನು ನಾನೇ ಬಿಸಿಲಿಗೆ ಅಟ್ಟಿ, ಒಳಗೆ ಬನಿಯನ್ ತೊಯ್ದು ತೊಪ್ಪೆಯಾಗಿ ಕುಳಿತು, ಸ್ಪೀಕರು ಎಡಕ್ಕೆ ಒಂದು ಬೆರಳಿನಷ್ಟು ಸರಿಯಬೇಕೇನೋ ಎಂದು ಯೋಚಿಸುತ್ತಿದ್ದೆ. ಹಾಡು ಯಾವುದಿತ್ತು ಎಂದು ಕೇಳಿದರೆ ಇವತ್ತಿಗೂ ನೆನಪಿಲ್ಲ.

ನನ್ನ ಕಸುಬೇ ಇದಕ್ಕೆ ಅರ್ಧ ಕಾರಣವಿರಬೇಕು. ಜೀನ್ಸ್ ಹೊಲಿಯುವ ಘಟಕಗಳಲ್ಲಿ ಮಷಿನ್ ರಿಪೇರಿ ಮಾಡುವವನು ನಾನು. ನಲವತ್ತು ಮಷಿನ್ ಒಟ್ಟಿಗೆ ಓಡುವ ಹಾಲಿನಲ್ಲಿ ಬಾಗಿಲಲ್ಲೇ ನಿಂತು, ಮೂರನೇ ಸಾಲಿನಲ್ಲಿ ಯಾವುದೋ ಒಂದರ ಸೂಜಿ ಹುಕ್ಕಿಗೆ ತಾಗುತ್ತಿದೆ ಎಂದು ಕಿವಿಯಿಂದಲೇ ಹೇಳಬಲ್ಲೆ. ಇಪ್ಪತ್ತು ವರ್ಷ ಈ ಕಿವಿ ಅನ್ನ ಹಾಕಿದೆ. ಆದರೆ ದೋಷ ಹುಡುಕಿ ಹುಡುಕಿ ಪಳಗಿದ ಕಿವಿ ಅದು. ಅದನ್ನು ಹಾಡಿನ ಮುಂದೆ ಕೂರಿಸಿದರೆ ಅಲ್ಲೂ ದೋಷವನ್ನೇ ಹುಡುಕುತ್ತದೆ ಎಂದು ನನಗೆ ಹೊಳೆಯಲಿಲ್ಲ. ಹಾಗೆ ನೋಡಿದರೆ ಅದೇ ಹಾಲಿನಲ್ಲಿ ಕಿಟಕಿಯ ಸರಳಿಗೆ ತೂಗುಹಾಕಿದ್ದ ಒಂದು ಅಂಗೈಯಗಲದ ಸ್ಪೀಕರಿನಲ್ಲಿ ದಿನವಿಡೀ ಹಾಡು ಬರುತ್ತಿತ್ತು. ಮಷಿನ್ ತುಳಿಯುವ ಹೆಣ್ಣುಮಕ್ಕಳು ಅದರ ಜೊತೆ ಹಾಡುತ್ತಲೇ ಜೇಬು ಹೊಲಿಯುತ್ತಿದ್ದರು. ನಾನೂ ಒಂದು ಕಾಲದಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಗುನುಗುತ್ತಿದ್ದೆ.

ನನ್ನನ್ನು ಕೆಡಿಸಿದವರು ಸಿರುಗುಪ್ಪದ ಒಬ್ಬ ಅಕ್ಕಿ ಗಿರಣಿಯ ಸಾಹುಕಾರರು. ಕೆಡಿಸಿದರು ಎನ್ನುವುದೂ ಪೂರ್ತಿ ನ್ಯಾಯವಲ್ಲ, ಕೆಡುವುದಕ್ಕೆ ನಾನು ತಯಾರಾಗಿಯೇ ಇದ್ದೆ. ಅವರ ಗಿರಣಿಯ ಚೀಲ ಹೊಲಿಯುವ ಮಷಿನ್ ಕೆಟ್ಟಿತ್ತು. ಕರೂರು, ದೇಶನೂರು ಕಡೆಯ ಭತ್ತದ ಟ್ರ್ಯಾಕ್ಟರುಗಳು ಅಂಗಳದ ತುಂಬ ನಿಂತಿದ್ದವು. ಕೆಲಸ ಮುಗಿದ ಮೇಲೆ ಸಾಹುಕಾರರು ಚಹಾಕ್ಕೆಂದು ಒಳಗೆ ಕರೆದರು. ಗೋಡೆಗೆಲ್ಲ ದಪ್ಪ ಮೆತ್ತೆ ಬಡಿಸಿದ ಕೋಣೆ, ನನ್ನ ಎದೆಯೆತ್ತರದ ಎರಡು ಸ್ಪೀಕರು. ಒಂದು ಕೊಳಲು ಹಾಕಿದರು. ಕೊಳಲೂದುವವನ ಉಸಿರು ಕೂಡ ಕೇಳಿಸಿತು. ಮೈ ಜುಮ್ಮೆಂದಿತು, ಸುಳ್ಳು ಹೇಳುವುದಿಲ್ಲ. ಆದರೆ ಒಂದೂವರೆ ನಿಮಿಷಕ್ಕೆ ಅವರು ಅದನ್ನು ನಿಲ್ಲಿಸಿ ಬೇರೆ ಹಾಡು ಹಾಕಿದರು. ಅದನ್ನೂ ಅರ್ಧಕ್ಕೆ ನಿಲ್ಲಿಸಿ ಇನ್ನೊಂದು. ಮುಂದಿನ ಐದು ವರ್ಷಗಳಲ್ಲಿ ಆ ಕೋಣೆಯಲ್ಲಿ ಒಂದೇ ಒಂದು ಹಾಡು ಕೊನೆಯವರೆಗೆ ಓಡಿದ್ದನ್ನು ನಾನು ನೋಡಲಿಲ್ಲ. ಊಟಕ್ಕೆ ಕರೆದು ಎಲೆಯ ಮೇಲೆ ಬಡಿಸಿದ್ದನ್ನು ಬರೀ ಮೂಸಿ ಎತ್ತಿಸುವ ಜನ ಇವರು. ನಾನೂ ಅದೇ ಪಂಕ್ತಿಯಲ್ಲಿ ಕುಳಿತೆ.

ಆಮೇಲೆ ಶುರುವಾಯಿತು ನೋಡಿ. ಸ್ಪೀಕರು ಬಂತು, ಅದಕ್ಕೆ ತಕ್ಕ ಆಂಪ್ಲಿಫಯರ್ ಬೇಕೆಂದರು, ಅದೂ ಬಂತು. ಅದು ಬಂದ ಮೇಲೆ ವೈರು ಸರಿಯಿಲ್ಲವೆಂದರು. ವೈರು ಬದಲಾದ ಮೇಲೆ ಕೋಣೆಯೇ ಸರಿಯಿಲ್ಲವೆಂದರು. ಹೀಗೆ ಹೇಳುವವರು ಸಾಹುಕಾರರೊಬ್ಬರೇ ಅಲ್ಲ, ಅವರು ಸೇರಿಸಿದ ವಾಟ್ಸಾಪ್ ಗುಂಪಿನ ತುಂಬ ಇಂಥವರೇ ಇದ್ದರು. ಯಾವ ಹಾಡು ಕೇಳಿದಿರಿ ಎಂದು ಆ ಗುಂಪಿನಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಯಾವುದರಲ್ಲಿ ಕೇಳಿದಿರಿ ಎಂಬುದೇ ಪ್ರಶ್ನೆ. ನಾನು ಘಟಕಗಳಿಂದ ಜೀನ್ಸ್ ಬಟ್ಟೆಯ ಕತ್ತರಿಸಿದ ಚೂರುಗಳನ್ನು ಮೂಟೆಗಟ್ಟಲೆ ತಂದು, ಮರದ ಚೌಕಟ್ಟಿನಲ್ಲಿ ತುಂಬಿ, ಮೂರು ಗೋಡೆಗೂ ಬಡಿದೆ. ಸದ್ದನ್ನು ಹೀರುತ್ತದಂತೆ. ಸದ್ದನ್ನು ಹೀರಿತೋ ಇಲ್ಲವೋ, ಬಿಸಿಲನ್ನು ಮಾತ್ರ ಚೆನ್ನಾಗಿ ಹೀರಿತು. ಹಗಲು ಹೊತ್ತು ಆ ಕೋಣೆಗೆ ಬೆಕ್ಕು ಕೂಡ ಹೋಗುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಇದನ್ನು ನಗಾಡಿಕೊಂಡು ಬಿಡುತ್ತಿದ್ದೆ. ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟು ಇರುವುದು ಕುರುಗೋಡಿನಲ್ಲಿ ಮಾಡಿದ ಕೆಲಸಕ್ಕೆ.

ಕುರುಗೋಡಿನಲ್ಲಿ ನನ್ನ ಸೋದರಮಾವ ಇದ್ದಾರೆ. ಬಸ್ ನಿಲ್ದಾಣದ ಹತ್ತಿರ ಸೈಕಲ್ ಅಂಗಡಿ. ಸೋಮವಾರ ಸಂಜೆ ಅಂಗಡಿ ಬೇಗ ಮುಚ್ಚಿ, ಮನೆಯ ಪಡಸಾಲೆಯಲ್ಲಿ ಭಜನೆಗೆ ಕೂರುತ್ತಾರೆ. ಅವರ ತಂದೆಯ ಕಾಲದಿಂದ ಬಂದದ್ದು. ಮಾವ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಪದ ಹೇಳುತ್ತಾರೆ, ಏಳೆಂಟು ಜನ ಹಿಮ್ಮೇಳಕ್ಕಿರುತ್ತಾರೆ. ಆ ಪದಗಳಲ್ಲಿ ಎಷ್ಟೋ ಈಗ ಮಾವನಿಗೆ ಬಿಟ್ಟರೆ ಬೇರೆಯವರಿಗೆ ಪೂರ್ತಿ ಬರುವುದಿಲ್ಲ, ಯಾವ ಪುಸ್ತಕದಲ್ಲೂ ಇಲ್ಲ. ಆ ಪಡಸಾಲೆಗೆ ಒಂದು ಕಟ್ಟುಪಾಡು ಇದೆ. ಅಲ್ಲಿ ಬಂದು ಕುಳಿತವರು ಯಾರೇ ಆಗಲಿ, ದನಿ ಚೆನ್ನಾಗಿರಲಿ ಕತ್ತೆಯಂತಿರಲಿ, ಪಲ್ಲ, ಅಂದರೆ ಪಲ್ಲವಿಯ ಸಾಲು, ಹೇಳಲೇಬೇಕು. ಮಾವ ಒಂದು ನುಡಿ ಹಾಡಿ ಬಿಟ್ಟರೆ ಉಳಿದವರೆಲ್ಲ ಪಲ್ಲವನ್ನು ಎರಡು ಸಲ ಎತ್ತಬೇಕು. ಬರೀ ಕೇಳುವವನಿಗೆ ಅಲ್ಲಿ ಜಾಗವಿಲ್ಲ. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಲೇ ಪಲ್ಲಕ್ಕೆ ದನಿಗೂಡಿಸುತ್ತಿದ್ದರು. ರಜೆಗೆ ಹೋದಾಗ ನಾನೂ ಹರಿದ ಗಂಟಲಲ್ಲಿ ಕೂಗುತ್ತಿದ್ದೆ. ಸಂಗೀತ ಎಂದರೆ ನನಗೆ ಗೊತ್ತಾದದ್ದೇ ಹಾಗೆ. ದೊಡ್ಡ ಸ್ಪೀಕರು ಬಂದ ಮೇಲೆ ಅಲ್ಲಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಪೇಟಿಯ ಒಂದು ಸ್ವರ ಇಳಿದಿದೆ, ತಾಳ ಕಿವಿಗೆ ಚುಚ್ಚುತ್ತದೆ ಎಂದು ಮನಸ್ಸಿನಲ್ಲೇ ತಪ್ಪು ಎಣಿಸುತ್ತ ಬಾಯಿ ಮುಚ್ಚಿ ಕೂರುತ್ತಿದ್ದೆ. ಮಾವ ಎರಡು ಸಲ ಕಣ್ಣು ಬಿಟ್ಟು ನೋಡಿದರು.

ಹೋದ ವರ್ಷ ಮಾವನ ಹಲ್ಲುಗಳು ಒಂದೊಂದಾಗಿ ಅಲುಗಾಡತೊಡಗಿದವು. ಎಲ್ಲವನ್ನೂ ಕೀಳಿಸಿ ಸೆಟ್ ಹಾಕಿಸಬೇಕೆಂದು ಹಲ್ಲಿನ ಡಾಕ್ಟರು ಹೇಳಿ, ಕೆಲವು ತಿಂಗಳು ಬಿಟ್ಟು ಒಂದು ಗುರುವಾರ ಗೊತ್ತು ಮಾಡಿದರು. ಹಲ್ಲು ಹೋದರೆ ಮಾತು ಸೋರುತ್ತದೆ, ಪದದ ಅಕ್ಷರ ಕೆಡುತ್ತದೆ. ಅಷ್ಟರೊಳಗೆ ಮಾವನ ದನಿಯನ್ನು ಹಿಡಿದಿಡಬೇಕೆಂದು ನನಗೆ ಅನ್ನಿಸಿತು. ಆ ಅನ್ನಿಸಿಕೆ ತಪ್ಪಲ್ಲ. ಆದರೆ ಜೇಬಿನಲ್ಲಿದ್ದ ಫೋನು ತೆಗೆದು ಅದೇ ವಾರ ಕೆಲಸ ಮುಗಿಸಬಹುದಿತ್ತು. ನಾನು ಮಾಡಿದ್ದೇನು? ಒಳ್ಳೆಯ ರೆಕಾರ್ಡರ್ ಬರಲಿ ಎಂದು ಎರಡು ತಿಂಗಳು ಕಾದೆ. ಅದು ಬಂದ ಮೇಲೆ ಅದರ ಮೈಕು ಮಾವನ ದನಿಗೆ ಹೊಂದುವುದಿಲ್ಲವೆಂದು ಗುಂಪಿನವರು ಅಂದರು. ಇನ್ನೊಂದು ಮೈಕಿಗೆ ಮತ್ತೆ ಕಾದೆ. ಅತ್ತ ಮಾವನ ಹಲ್ಲು ಅಲುಗಾಡುತ್ತಲೇ ಇತ್ತು.

ಮೈಕು ಬಂದ ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ಸಂಗನಕಲ್ಲಿನ ಗುಡ್ಡಕ್ಕೆ ಹೋದೆ. ಅಲ್ಲಿ ಕೆಲವು ಬಂಡೆಗಳಿಗೆ ಕಲ್ಲಿನಿಂದ ಬಡಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಮಗಳು ಜೊತೆಗೆ ಬಂದಿದ್ದಳು. ಬಂಡೆ ಬಡಿದು ನಾದ ಬಂದ ಕೂಡಲೇ ಅವಳು ಕಿಲಕಿಲ ನಕ್ಕಳು. ನಕ್ಕದ್ದು ರೆಕಾರ್ಡಿನಲ್ಲಿ ಬಂತೆಂದು ನಾನು ಗದರಿಸಿದೆ. ಮತ್ತೆ ಬಡಿಯಲು ಹೇಳಿದೆ. ಅವಳು ತುಟಿ ಬಿಗಿದುಕೊಂಡು ಬಡಿದಳು. ನಾದ ಸ್ವಚ್ಛವಾಗಿ ಬಂತು. ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ. ಆವತ್ತಾದರೂ ಬುದ್ಧಿ ಬರಬೇಕಿತ್ತು.

ಗುರುವಾರಕ್ಕೆ ಮೂರು ದಿನ ಮೊದಲು, ಸೋಮವಾರ ಸಂಜೆ, ನಾನು ಕುರುಗೋಡಿನ ಪಡಸಾಲೆಯಲ್ಲಿ ದರ್ಬಾರು ನಡೆಸಿದೆ. ರಸ್ತೆಯ ಕಡೆಯ ಕಿಟಕಿ ಮುಚ್ಚಿಸಿದೆ. ಫ್ಯಾನ್ ಆರಿಸಿದೆ. ರೊಟ್ಟಿ ಬಡಿಯುವ ಸದ್ದು ಬರುತ್ತದೆಂದು ಅತ್ತೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿದೆ. ತಾಳ ಕೆಳಗಿಡಿಸಿದೆ. ಮೈಕನ್ನು ಮಾವನ ಬಾಯಿಗೆ ಒಂದು ಗೇಣು ದೂರದಲ್ಲಿ ನಿಲ್ಲಿಸಿ, ಹಿಮ್ಮೇಳದವರಿಗೆ ಹೇಳಿದೆ, "ನೀವು ಯಾರೂ ಪಲ್ಲ ಎತ್ತಬ್ಯಾಡ್ರಿ. ಮಾವನ ದನಿ ಒಂದ ಬರಬೇಕು. ನಿಮ್ಮದು ಆಮ್ಯಾಲೆ ಬ್ಯಾರೆ ಹಿಡಿಯೋಣು."

ಮೂವತ್ತು ನಲವತ್ತು ವರ್ಷದಿಂದ ಅಲ್ಲಿ ಹಾಡಿದ ಹಿರಿಯರು ಅವರು. ಒಬ್ಬರೂ ಎದುರಾಡಲಿಲ್ಲ. ಮಷಿನ್ನಿನ ವಿಷಯ ಬಳ್ಳಾರಿಯವನಿಗೆ ಗೊತ್ತಿರುತ್ತದೆ ಎಂದುಕೊಂಡರು. ನನ್ನನ್ನು ಅಲ್ಲಿಂದ ಎಬ್ಬಿಸಿ ಓಡಿಸಿದ್ದರೆ ಎಷ್ಟು ಒಳ್ಳೆಯದಿತ್ತು.

ಮಾವ ಆರಿಸಿಕೊಂಡದ್ದು ತಮ್ಮ ತಂದೆ ಕಲಿಸಿದ ಒಂದು ಪದ. ಸಂತೆಗೆ ಹೋದ ಹೆಣ್ಣುಮಗಳೊಬ್ಬಳು ತನ್ನ ಮನೆಯ ದಾರಿ ಮರೆತು ಕಂಡಕಂಡವರನ್ನು ಕೇಳುತ್ತ ಬರುವ ಪದ. ಒಂದೊಂದು ನುಡಿಯಲ್ಲಿ ಒಬ್ಬೊಬ್ಬರನ್ನು ಕೇಳುತ್ತಾಳೆ: ಮೊದಲು ಕುಂಬಾರ, ಆಮೇಲೆ ಗಾಣಿಗ, ಆಮೇಲೆ ಅಗಸ, ನಾಲ್ಕನೆಯವನು ಬಳೆಗಾರ. ಮೊದಲ ನುಡಿ ಮುಗಿಸಿ ಮಾವ ರೂಢಿಯಂತೆ ಬಿಟ್ಟರು. ಯಾರೂ ಪಲ್ಲ ಎತ್ತಲಿಲ್ಲ. ಮಾವ ತಾವೇ ಎತ್ತಿಕೊಂಡರು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಉಸಿರು ಸಾಲದೆ ಕೆಮ್ಮು ಬಂತು, ನಾನು ಮುಖ ಗಂಟಿಕ್ಕಿದೆ. ನಾಲ್ಕನೆಯ ನುಡಿ ಬರಲೇ ಇಲ್ಲ. ಪೇಟಿಯ ಮೇಲೆ ಬೆರಳು ನಿಂತಿತು. ಮಾವ ಒಬ್ಬೊಬ್ಬರ ಮುಖವನ್ನೂ ನೋಡಿದರು. ನಾನು ಸದ್ದು ಮಾಡಬೇಡಿರೆಂದು ಅಂಗೈ ಎತ್ತಿ ಹಿಡಿದಿದ್ದೆ. ಮಾವ ಬಹಳ ಸಣ್ಣ ದನಿಯಲ್ಲಿ ಏನೋ ಅಂದರು, ಆಮೇಲೆ ಪೇಟಿಯ ಮುಚ್ಚಳ ಹಾಕಿ ಎದ್ದು ಒಳಗೆ ಹೋದರು.

ಅವರ ಅಣ್ಣ ಕೊನೆಗಾಲದಲ್ಲಿ ಮಕ್ಕಳ ಹೆಸರನ್ನೇ ಮರೆತು, ಸ್ವಂತ ಮನೆಯಲ್ಲಿ ಇದು ಯಾರ ಮನೆ ಎಂದು ಕೇಳುತ್ತಿದ್ದವರು. ಆ ಭಯ ಮಾವನೊಳಗೆ ಮೊದಲಿಂದಲೂ ಇತ್ತು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆವತ್ತು ನನಗೆ ಬಂದದ್ದು ಸಿಟ್ಟು. ಇಷ್ಟೆಲ್ಲ ಸಾಮಾನು ಹೊತ್ತು ತಂದಿದ್ದೇನೆ, ಐದು ನಿಮಿಷ ನೆಟ್ಟಗೆ ಹಾಡಲಿಕ್ಕೆ ಆಗಲಿಲ್ಲವಲ್ಲ ಎಂದು ಬಸ್ಸಿನಲ್ಲಿ ಹಲ್ಲು ಕಡಿಯುತ್ತ ಬಂದೆ.

ಆ ಶನಿವಾರ ಚೀಲದ ಮಷಿನ್ ನೆಪದಲ್ಲಿ ಸಿರುಗುಪ್ಪಕ್ಕೆ ಹೋದಾಗ ಸಾಹುಕಾರರ ದೊಡ್ಡ ಸ್ಪೀಕರಿನಲ್ಲಿ ಆ ರೆಕಾರ್ಡನ್ನು ಹಾಕಿಸಿದೆ. ಅವರು ಎಂದಿನಂತೆ ಓಡಿಸಿ ಓಡಿಸಿ ಕೇಳಿದರು. ಕೊನೆಗೆ, ಹಾಡು ನಿಂತ ಮೇಲಿನ ಜಾಗಕ್ಕೆ ಬಂದು ಕಣ್ಣು ಮುಚ್ಚಿದರು. "ಹಾಡು ಹೋಗ್ಲಿ ಬಿಡ್ರಿ ಮೇಸ್ತ್ರಿ. ಈ ನಿಶ್ಶಬ್ದ ನೋಡ್ರಿ, ಎಷ್ಟು ಕ್ಲೀನ್ ಐತಿ. ಒಂದು ಸೊಳ್ಳಿ ಸಪ್ಪಳ ಸೈತ ಇಲ್ಲ" ಅಂದರು. ನಾನು ಹಿಗ್ಗಿದೆ. ನಾಚಿಕೆಗೇಡು, ಹಿಗ್ಗಿಬಿಟ್ಟೆ.

ಅದೇ ದಿನ ವಾಪಸು ಬರುವ ಬಸ್ಸಿನಲ್ಲಿ ಅತ್ತೆಯ ಫೋನು ಬಂತು. ಗುರುವಾರ ಹಲ್ಲು ಕೀಳಿಸಿ ಬಂದ ಮೇಲೆ ಮಾವ ಯಾರೊಡನೆಯೂ ಮಾತಾಡುತ್ತಿಲ್ಲ, ಅಂಗಡಿಗೂ ಹೋಗುತ್ತಿಲ್ಲ, ಪೇಟಿಯನ್ನು ಯಾರಿಗಾದರೂ ಕೊಟ್ಟುಬಿಡು ಅನ್ನುತ್ತಿದ್ದಾರೆ ಎಂದರು. ಅಣ್ಣನ ಹಾಗೆ ತಮಗೂ ಮರೆವು ಬಂತೆಂದು ಗೋಡೆಗೆ ಮುಖ ಮಾಡಿ ಮಲಗಿದ್ದಾರಂತೆ. ಪದ ಮರೆಯುವುದು ವಯಸ್ಸಾದವರಿಗೆ ಸಹಜ ಎಂದು ನಾನು ಸಮಾಧಾನ ಹೇಳಹೋದೆ. ಅತ್ತೆ ನನ್ನನ್ನು ಅಲ್ಲೇ ತಡೆದರು.

"ಅವರು ಯಾವಾಗ ನೆನಪಿಟ್ಟಿದ್ರಪ್ಪ? ನಾವು ಪಲ್ಲ ಅನ್ನೋ ಹೊತ್ತಿನ್ಯಾಗ ಅವರು ಮುಂದಿನ ನುಡಿ ಹುಡುಕ್ಕೋತಾರ. ಸಿಗಲಿಲ್ಲಂದ್ರ ಕೈ ತಿರುವತಾರ, ನಾವು ಮತ್ತ ಅಂತೀವಿ. ನಲವತ್ತು ವರ್ಷ ಹಿಂಗ ನಡದೈತಿ. ನೀನು ನಮ್ಮ ಬಾಯಿ ಮುಚ್ಚಿಸಿದಿ, ಅವರಿಗೆ ತೆಲಿ ಖಾಲಿ ಆತು."

ಬಸ್ಸಿನಿಂದ ಇಳಿದು ಮನೆಗೆ ಬಂದೆ. ಕೋಣೆಯ ಬಾಗಿಲು ಹಾಕಿ, ರೂಢಿಯಂತೆ ಫ್ಯಾನ್ ಆರಿಸಿ, ಆ ನಿಶ್ಶಬ್ದವನ್ನು ಮತ್ತೆ ಕೇಳಿದೆ. ನನ್ನ ಸ್ಪೀಕರುಗಳು ಒಳ್ಳೆಯವು, ಆ ಮಾತು ಬೇರೆ. ಮಾವ ಎದುರಿಗೇ ಕುಳಿತ ಹಾಗಿತ್ತು. ಕೆಮ್ಮು, ಪೇಟಿಯ ತಿದಿಯ ಉಸಿರು, ಆಮೇಲೆ ಆ ಸಣ್ಣ ದನಿ. "ಮುಂದ ಏನು?" ಎಂದು ಮಾವ ಕೇಳಿದ್ದರು. ಎಂಟು ಜನರಲ್ಲಿ ಯಾರಾದರೂ ಪಲ್ಲ ಎತ್ತಿದ್ದರೂ ಸಾಕಿತ್ತು. ಯಾರೂ ಉಸಿರೆತ್ತಲಿಲ್ಲ, ನನ್ನ ಅಂಗೈ ಮೇಲಿತ್ತು. ಆ ಸಾಹುಕಾರರಿಗೆ ಅಷ್ಟು ದುಬಾರಿ ಸ್ಪೀಕರಿನಲ್ಲಿ ಸೊಳ್ಳೆ ಇಲ್ಲದ್ದು ಕೇಳಿಸಿತು, ಮನುಷ್ಯ ಕೇಳಿದ ಪ್ರಶ್ನೆ ಕೇಳಿಸಲಿಲ್ಲ. ಅವರ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಆಮೇಲೆ, ಅಷ್ಟು ಹತ್ತಿರ ಕುಳಿತಿದ್ದ ನನಗಾದರೂ ಕೇಳಿಸಿತ್ತೇನು ಎಂಬ ಯೋಚನೆ ಬಂತು. ಎದ್ದು ಫ್ಯಾನ್ ಹಾಕಿದೆ. ಪಕ್ಕದ ಮನೆಗೆ ಹೋಗಿ ಹೆಂಡತಿ ಮಗಳನ್ನು ಕರೆದುಕೊಂಡು ಬಂದೆ.

ಸೋಮವಾರ ಬರಿಗೈಯಲ್ಲಿ ಕುರುಗೋಡಿಗೆ ಹೋದೆ. ಹಿಮ್ಮೇಳದವರು ರೂಢಿ ಬಿಡಲಾರದೆ ಬಂದು ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ಮಾವ ಒಳಗಿನ ಕೋಣೆಯಲ್ಲಿ, ಬಾಯಿಗೆ ಟವಲು ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ ಮಲಗಿದ್ದರು. ತಪ್ಪಾಯಿತು ಎಂದೆ. ನಿಮಗೆ ಮರೆವಿಲ್ಲ, ಕೆಡಿಸಿದವನು ನಾನು ಎಂದೆ. ಮಾವ ಟವಲನ್ನು ಮುಖದ ಮೇಲೆ ಎಳೆದುಕೊಂಡರು. ಹೀಗೆ ಬೇಡಿಕೊಳ್ಳುತ್ತ ಕೂರುವುದು ನನ್ನ ಜಾಯಮಾನವಲ್ಲ. ಪಡಸಾಲೆಗೆ ಬಂದು ಪೇಟಿಯ ಮುಂದೆ ಕುಳಿತು, ನುಡಿಸಲು ಬಾರದಿದ್ದರೂ ಒಂದು ಸ್ವರ ಒತ್ತಿ ಹಿಡಿದು, ಆ ಪದವನ್ನು ನಾನೇ ಶುರು ಮಾಡಿದೆ. ಪಲ್ಲ ನೆಟ್ಟಗೆ ಬಂತು. ನುಡಿಗೆ ಬಂದಾಗ ಹೆಣ್ಣುಮಗಳನ್ನು ನೇರ ಗಾಣಿಗನ ಹತ್ತಿರ ಕಳಿಸಿಬಿಟ್ಟೆ. ಬೇಕೆಂದು ಮಾಡಿದ್ದಲ್ಲ. ಐದು ವರ್ಷ ಬಾಯಿ ಬಿಡದೆ ಕುಳಿತವನ ನೆನಪು ಅಷ್ಟೇ ಉಳಿದಿತ್ತು. ಹಿಮ್ಮೇಳದವರು ಮುಖ ಮುಖ ನೋಡಿಕೊಂಡರು, ಆದರೂ ಪಲ್ಲ ಎತ್ತಿದರು.

ಒಳಗಿನಿಂದ ಟವಲು ಕೊಡವಿಕೊಂಡು ಮಾವ ಬಂದರು. ಬೋಡು ಬಾಯಿ, ಕೆನ್ನೆ ಒಳಗೆ ಹೋಗಿತ್ತು, ಕಣ್ಣು ಮಾತ್ರ ಕೆಂಡ.

"ಯಾವನಲೇ ನಿನಗ ಕಲಿಸಿದ್ದು? ಕುಂಬಾರ ಮೊದಲು. ಏಳು ಅಲ್ಲಿಂದ."

ಎದ್ದೆ. ಮಾವ ಪೇಟಿ ಎಳೆದುಕೊಂಡರು. ಹಲ್ಲಿಲ್ಲದ ಬಾಯಿಯಲ್ಲಿ ಅರ್ಧ ಅಕ್ಷರ ಗಾಳಿಯಾಗಿ ಹೋಗುತ್ತಿತ್ತು. ಕುಂಬಾರನನ್ನು ಕೇಳಿದ್ದಾಯಿತು, ಗಾಣಿಗನನ್ನು, ಅಗಸನನ್ನು ಕೇಳಿದ್ದಾಯಿತು. ಪ್ರತಿ ನುಡಿಗೂ ನಾವು ಎರಡು ಸಲ ಪಲ್ಲ ಎತ್ತಿದೆವು, ಅತ್ತೆ ಒಲೆಯ ಮುಂದಿನಿಂದ ಎತ್ತಿದರು, ರೊಟ್ಟಿಯ ಸದ್ದು ತಾಳಕ್ಕೆ ಮುಂದೋ ಹಿಂದೋ ಬೀಳುತ್ತಿತ್ತು. ಮೇಲೆ ಫ್ಯಾನು ಕಿರುಗುಡುತ್ತಿತ್ತು. ನಾಲ್ಕನೆಯದಕ್ಕೆ ಬಂದಾಗ ಮಾವನ ಮುಖ ಮತ್ತೆ ಖಾಲಿಯಾದದ್ದು ಕಂಡಿತು. ಬಳೆಗಾರ ಎಂದು ಹೇಳಿಕೊಡಬೇಕೆಂದು ಬಾಯಿಯವರೆಗೆ ಬಂತು, ಅತ್ತೆಯ ಮಾತು ನೆನೆದು ನುಂಗಿಕೊಂಡೆ. ಮಾವ ಪೇಟಿಯಿಂದ ಒಂದು ಕೈ ಎತ್ತಿ ಅಂಗೈಯನ್ನು ತಿರುವಿದರು. ಇನ್ನೊಮ್ಮೆ ಅನ್ನಿ ಎಂದು. ಅಂದೆವು. ಮತ್ತೆ ತಿರುವಿದರು. ಮತ್ತೆ ಅಂದೆವು. "ಹೇಳಿರಣ್ಣಾ ನನ್ನ ಮನಿ ಹಾದಿ" ಎಂಬ ಆ ಒಂದು ಸಾಲನ್ನು ನಾನು ಗಂಟಲು ಹರಿಯುವಂತೆ ಕೂಗಿದೆ. ನನ್ನ ದನಿ ಶ್ರುತಿಗೆ ಸೇರುತ್ತಿರಲಿಲ್ಲ, ಅದು ನನಗೆ ಚೆನ್ನಾಗಿ ಕೇಳಿಸುತ್ತಲೇ ಇತ್ತು. ಐದನೆಯ ಸಲ ಅನ್ನುತ್ತಿರುವಾಗ ಮಾವ ಕೈ ಇಳಿಸಿದರು, ಬಳೆಗಾರ ಬಂದ.

ಪದ ಮುಗಿದ ಮೇಲೆ ಮಾವ ಟವಲಿನಿಂದ ಬಾಯಿ ಒರೆಸಿಕೊಂಡು ನನ್ನ ಸುತ್ತಮುತ್ತ ಚೀಲಕ್ಕಾಗಿ ನೋಡಿದರು.

"ಇದನ್ನ ಮಷಿನ್ನಿನ್ಯಾಗ ಹಿಡಕೊಂಡಿ ಏನು?"

ಇಲ್ಲವೆಂದೆ.

"ಹಂಗಾದ್ರ ಬಾಯಿಲೇ ಕಲಿ. ಬರೋ ಸೋಮವಾರ ಬಾ, ಎರಡನೇ ನುಡಿ ತನಕ ಒಪ್ಪಸು."

ಅದನ್ನೂ ಸಿಟ್ಟಿನಿಂದಲೇ ಅಂದರು.